ಬಣ್ಣದ ಲೈಟು ಕರೆಂಟು ತಿನ್ನಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಹೋದ ವಾರ ಓದುಗರ ಪತ್ರದಲ್ಲಿ ಹಿರಿಯರೊಬ್ರು ಬರೆದಿದ್ರು, ಈಗಿನ ಹುಡುಗ್ರು ಕಂಪ್ಯೂಟರಿಗೆ ಗಣಪತಿ ಪೆಂಡಾಲ್ ತರ ಲೈಟ್ ಹಾಕ್ಸಿ ಕರೆಂಟು ದುಡ್ಡು ಎರಡೂ ಹಾಳು ಮಾಡ್ತಾರೆ, ಹಳೇದನ್ನ ಗುಜರಿಗೆ ಹಾಕಿ ಓದೋಕೆ ಒಂದು ಲ್ಯಾಪ್‌ಟಾಪ್ ಕೊಡ್ಸಿ ಅಂತ. ನಾನು ತಿಪಟೂರಲ್ಲಿ ಮನೆ ವೈರಿಂಗ್ ಕೆಲಸ ಮಾಡೋನು, ಗೇಮ್ ಗೀಮ್ ನಂಗೆ ಬರಲ್ಲ. ಆದ್ರೆ ಈ ಎರಡು ತಿಂಗಳಲ್ಲಿ ಅಣ್ಣನ ಚಿಕ್ಕ ಮಗನ ಜೊತೆ ಕೂತು ಅಂಥದ್ದೇ ಒಂದು ಹಳೇ ಗೇಮಿಂಗ್ ಪಿಸಿ ಬಿಚ್ಚಿ ಮತ್ತೆ ಕಟ್ಟಿದೀನಿ, ಅದಕ್ಕೆ ಈ ಪತ್ರ.

ಮೊದಲು ಕರೆಂಟಿನ ಲೆಕ್ಕ ಮುಗಿಸಿಬಿಡ್ತೀನಿ. ಪಿಸಿ ಒಳಗೆ ಗಾಳಿಗೆ ಅಂತ ಹಾಕೋ ಈ ಬಣ್ಣದ ಫ್ಯಾನುಗಳಲ್ಲಿರೋ ಒಂದು ಪುಟ್ಟ ಎಲ್‌ಇಡಿ, ಪೂರ್ತಿ ಬಿಳಿ ಬೆಳಕಲ್ಲಿ ಉರಿದ್ರೂ ತಗೊಳೋದು ಹೆಚ್ಚಂದ್ರೆ 0.3 ವ್ಯಾಟ್. ಫ್ಯಾನಿಗೆ ಎಂಟು ಅಂತ ಇಟ್ಕೊಳಿ, ನಾಲ್ಕು ಫ್ಯಾನು ಸೇರಿ 10 ವ್ಯಾಟ್ ದಾಟಲ್ಲ. ಅಂದ್ರೆ ನೂರು ಗಂಟೆ ಉರಿದ್ರೆ ಒಂದು ಯೂನಿಟ್, ನಮ್ಮ ಬಚ್ಚಲುಮನೆ ಬಲ್ಬು ಇದಕ್ಕಿಂತ ಕಮ್ಮಿ ಏನಿಲ್ಲ. ಕರೆಂಟು ತಿನ್ನೋದು ಬೇರೆ ಸ್ವಾಮಿ, ಗೇಮಿನ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ (ನಾವು ಈಗ ಹಾಕಿರೋದು) ಒಂದೇ 120 ವ್ಯಾಟ್, ಪ್ರೊಸೆಸರ್ 84. ಬೈಯೋದಾದ್ರೆ ಅದನ್ನ ಬೈಯಿರಿ.

ಈ ಪಿಸಿ 2014ರದ್ದು. ಅಣ್ಣನ ದೊಡ್ಡ ಮಗ ಇಂಜಿನಿಯರಿಂಗ್ ಸೇರಿದಾಗ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕಟ್ಟಿಸಿಕೊಂಡಿದ್ದು, ಐ5 4570 ಪ್ರೊಸೆಸರು, ಜಿಟಿಎಕ್ಸ್ 750 ಟಿಐ ಕಾರ್ಡು, 8 ಜಿಬಿ ಡಿಡಿಆರ್3 ರ್‍ಯಾಮು. ಅವನು ಕೆಲಸ ಸಿಕ್ಕಿ ಹೋದ, ಇದು ಅಟ್ಟ ಸೇರ್ತು. ಮನೆ ಪಕ್ಕದಲ್ಲೇ ಕೊಬ್ಬರಿ ಗೋಡೌನು, ಬಿಚ್ಚಿ ನೋಡಿದ್ರೆ ಒಳಗೆಲ್ಲ ನಾರಿನ ಧೂಳು, ಪ್ರೊಸೆಸರ್ ಫ್ಯಾನಿನ ಕೆಳಗೆ ಗುಬ್ಬಿ ಗೂಡು ಕಟ್ಟಿದೆಯೇನೋ ಅನ್ನೋ ಹಾಗಿತ್ತು. ಪ್ರೊಸೆಸರ್ ಬಿಸಿಯನ್ನ ಮೇಲಿನ ಲೋಹಕ್ಕೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ ಗೋಡೆ ಸುಣ್ಣ ಉದುರೋ ತರ ಉದುರ್ತು. ಬ್ಲೋವರ್ ಹೊಡೆಯೋವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೋಬೇಕು, ಬಿಟ್ರೆ ಗಾಳಿಗೆ ಸಿಕ್ಕಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತೆ. ಬರೀ ಕ್ಲೀನ್ ಮಾಡಿ ಹೊಸ ಪೇಸ್ಟ್ ಹಾಕಿದ್ದಕ್ಕೇ 95 ಡಿಗ್ರಿಗೆ ಹೋಗ್ತಿದ್ದ ಪ್ರೊಸೆಸರು 70ರ ಒಳಗೆ ಬಂತು. ಮಾಡಿದ ಕೆಲಸದಲ್ಲಿ ಅತೀ ಅಗ್ಗದ್ದು ಇದೇ, ಅತೀ ಲಾಭದ್ದೂ ಇದೇ.

ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ, ರ್‍ಯಾಮು 16 ಜಿಬಿ, ಸೆಕೆಂಡ್ ಹ್ಯಾಂಡಲ್ಲಿ ಜಿಟಿಎಕ್ಸ್ 1060 ಕಾರ್ಡು. ಹೊಸ ರ್‍ಯಾಮಿನ ಬೆಲೆ 2025ರ ಕೊನೇಲಿ ಆಕಾಶಕ್ಕೆ ಹೋಯ್ತಲ್ಲ, ಚಿಪ್ ಮಾಡೋರೆಲ್ಲ ಎಐ ಡೇಟಾ ಸೆಂಟರ್ ಕಡೆ ತಿರುಗಿ ಮೈಕ್ರಾನ್‌ನೋರು ಕ್ರೂಶಿಯಲ್ ಅನ್ನೋ ಗ್ರಾಹಕರ ಬ್ರ್ಯಾಂಡನ್ನೇ ಮುಚ್ತೀವಿ ಅಂದ್ರು, ಆಗ ಈ ಹಳೇ ಡಿಡಿಆರ್3 ನಮ್ಮನ್ನ ಬಚಾವ್ ಮಾಡ್ತು. 1060 ಹಾಕ್ಬೇಕಂದ್ರೆ ಆರು ಪಿನ್ನಿನ ಕರೆಂಟು ವೈರು ಬೇಕು, ಪಿಸಿಗೆ ಕರೆಂಟು ಹಂಚೋ ಡಬ್ಬಿ, ಅಂದ್ರೆ ಹಳೇ ಎಸ್‌ಎಂಪಿಎಸ್‌ನಲ್ಲಿ ಅದಿಲ್ಲ. ಮೇಲೆ 450 ವ್ಯಾಟ್ ಅಂತ ಬರೆದಿದ್ರೂ ಕೈಯಲ್ಲಿ ಹಿಡಿದ್ರೆ ಖಾಲಿ ಡಬ್ಬಿ ತೂಕ. ಅದೊಂದನ್ನ ಮಾತ್ರ ಮುಲಾಜಿಲ್ದೆ ಹೊಸದು ತಗೊಂಡ್ವಿ, ಬೇರೇದ್ರಲ್ಲಿ ಉಳಿಸಿ, ಇದ್ರಲ್ಲಿ ಉಳಿಸ್ಬೇಡಿ.

ಈಗ ಲೈಟಿಗೆ ಬರ್ತೀನಿ, ಇಲ್ಲೇ ನನ್ನ ಮಾನ ಹೋಗಿದ್ದು. ಕ್ಯಾಬಿನೆಟ್ಟಿಗೆ ಗಾಜಿಲ್ಲ, ಪೂರ್ತಿ ತಗಡು. ನಾನೇ ಗ್ರೈಂಡರಲ್ಲಿ ಒಂದು ಪಕ್ಕ ಕತ್ತರಿಸಿ, ಬೋರ್ಡ್ ಬರೆಯೋ ಅಂಗಡಿಯಿಂದ ಅಕ್ರಿಲಿಕ್ ತಂದು ಕೂರಿಸ್ದೆ. ಹಳೇ ಮದರ್‌ಬೋರ್ಡಲ್ಲಿ ಲೈಟಿಗೆ ಜಾಗವೇ ಇಲ್ಲ, ರಿಮೋಟ್ ಇರೋ ಕಂಟ್ರೋಲರ್ ಡಬ್ಬಿ ಬೇಕು, ಅದು ಫ್ಯಾನ್ ಜೊತೆಗೇ ಬಂತು. ಜೊತೆಗೊಂದು ಲೈಟ್ ಪಟ್ಟಿ ತಂದಿದ್ವಿ, ಅದರ ವೈರು ಗಿಡ್ಡ, ಡಬ್ಬಿಗೆ ಎಟುಕ್ಲಿಲ್ಲ. ಇಪ್ಪತ್ತು ವರ್ಷ ವೈರ್ ಎಳೆದೋನು ನಾನು, ಎಸ್‌ಎಂಪಿಎಸ್ ಹಳದಿ ವೈರಲ್ಲಿ 12 ವೋಲ್ಟು ಕೆಂಪಲ್ಲಿ 5 ಅಂತ ಚೆನ್ನಾಗಿ ಗೊತ್ತು, ಫ್ಯಾನು ತಿರುಗೋದು 12ರಲ್ಲಿ ಅಂದ್ಮೇಲೆ ಲೈಟೂ 12 ಇರುತ್ತೆ ಅಂತ ಹಳದಿಗೆ ಕೊಟ್ಬಿಟ್ಟೆ. ಹುಡುಗ "ಚಿಕ್ಕಪ್ಪ, ಅದು ಐದು, ಐದು" ಅನ್ನೋದ್ರೊಳಗೆ ಮೊದಲ ಎಲ್‌ಇಡಿ ಫಕ್ ಅಂತ ಹೊಳೆದು ವಾಸನೆ ಬಂತು. ಆಮೇಲೆ ಗೊತ್ತಾಯ್ತು, ಒಂದೇ ಫ್ಯಾನಲ್ಲಿ ಮೋಟರಿಗೆ 12 ವೋಲ್ಟು, ಬಣ್ಣದ ಲೈಟಿಗೆ 5. ಹಳೇ ನಮೂನೆ ನಾಲ್ಕು ಪಿನ್ನಿನ ಆರ್‌ಜಿಬಿ ಮಾತ್ರ 12, ಅದರಲ್ಲಿ ಎಲ್ಲಾ ಲೈಟೂ ಒಂದೇ ಬಣ್ಣ. ಹೊಸ ನಮೂನೆ ಮೂರು ಪಿನ್ನಿನ ಎಆರ್‌ಜಿಬಿಯಲ್ಲಿ ಒಂದೊಂದು ಎಲ್‌ಇಡಿಗೂ ಒಂದು ಚಿಪ್ಪು, ಸಂದೇಶ ಒಂದರಿಂದ ಇನ್ನೊಂದಕ್ಕೆ ದಾಟ್ಕೊಂಡು ಹೋಗ್ಬೇಕು, ನಡುವೆ ಒಂದು ಸತ್ರೆ ಮುಂದಿನವೆಲ್ಲ ಕತ್ತಲೆ. ನಮ್ಮ ಕಾಲದ ಸೀರಿಯಲ್ ಸೆಟ್ ಪ್ರಾರಬ್ಧ ಹೊಸ ರೂಪದಲ್ಲಿ ಬಂದಿದೆ ಅಷ್ಟೇ.

ನಮ್ಮ ಪಟ್ಟಿಯ ಡಬ್ಬದ ಮೇಲೆ "ಗೇಮಿಂಗ್" ಅಂತ ನಾಲ್ಕು ಕಡೆ ಇತ್ತು, ವೋಲ್ಟೇಜ್ ಒಂದು ಕಡೆಯೂ ಇರ್ಲಿಲ್ಲ. ಮಾರೋರು ಬಾಯಲ್ಲಾದ್ರೂ ಹೇಳಿ ಕೊಡ್ಬಾರ್ದಾ, ಎರಡು ಪ್ಲಗ್ಗೂ ನೋಡೋಕೆ ಅಣ್ಣ ತಮ್ಮಂದಿರ ತರ ಇರ್ತಾವೆ.

ಆ ಹಿರಿಯರ ಮಾತಲ್ಲಿ ಸತ್ಯ ಇಲ್ವೇ ಇಲ್ಲ ಅಂತೇನಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸ್ತು, 11ನ್ನ ಈ ನಾಲ್ಕನೇ ಜನರೇಶನ್ ಪ್ರೊಸೆಸರು ತಗೊಳಲ್ಲ. ಕಾರ್ಡು ಮಾಡೋ ಎನ್ವಿಡಿಯಾದವರೂ 1060ಕ್ಕೆ ಹೊಸ ಗೇಮ್ ಡ್ರೈವರ್ ನಿಲ್ಲಿಸಿದ್ದಾರೆ, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್‌ವರೆಗೆ. ನಾವು ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಮಿಂಟ್ ಹಾಕಿದ್ವಿ. ಕೌಂಟರ್ ಸ್ಟ್ರೈಕ್ 2 ಅನ್ನೋ ಗೇಮು ಓಡುತ್ತೆ, ವ್ಯಾಲೊರಂಟ್ ಲಿನಕ್ಸಲ್ಲಿ ಬರಲ್ಲ, ಅದಕ್ಕೆ ಹುಡುಗ ಎರಡು ದಿನ ಮುಖ ಊದಿಸ್ಕೊಂಡಿದ್ದ. ಆದ್ರೆ ಒಟ್ಟು ಖರ್ಚು 14 ಸಾವಿರ ಚಿಲ್ಲರೆ, ಅದ್ರಲ್ಲಿ ಲೈಟಿಂದು ಸುಟ್ಟ ಪಟ್ಟಿ ಸೇರಿ 1,900. ಇಷ್ಟಕ್ಕೆ ಯಾವ ಲ್ಯಾಪ್‌ಟಾಪ್ ಬರುತ್ತೆ? ಮತ್ತೆ ಒಂದು ನಿಜ ಹೇಳ್ತೀನಿ, ಲೈಟಿನ ಆಸೆ ಇಲ್ದಿದ್ರೆ ಈ ಹುಡುಗ ಸ್ಕ್ರೂಡ್ರೈವರ್ ಮುಟ್ತಾನೇ ಇರ್ಲಿಲ್ಲ. ಈಗ ಮಲ್ಟಿಮೀಟರ್ ಹಿಡಿದು ನನ್ನ ಕೆಲಸ ಚೆಕ್ ಮಾಡ್ತಾನೆ, ಅದೊಂದು ಕಾಟ.

ರಾಜ್ಯೋತ್ಸವಕ್ಕೆ ಅಂತ ಫ್ಯಾನುಗಳಿಗೆ ಹಳದಿ ಕೆಂಪು ಹಾಕಿದ್ದ, ನವೆಂಬರ್ ಮುಗಿದು ಎಷ್ಟೋ ದಿನ ಆಯ್ತು, ಇನ್ನೂ ಬದಲಾಯಿಸಿಲ್ಲ.

— ಒಬ್ಬ ವೈರಿಂಗ್ ಕೆಲಸದವ, ತಿಪಟೂರು