ಹಲ್ಮೊನಿ, ಮೊಮ್ಮಗಳು ಮತ್ತು ಬಟ್ಟೆ ಚೂರುಗಳು

ಎಲ್ಲರಿಗೂ ನಮಸ್ಕಾರ.

ಕೊರಿಯಾದಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಹಲ್ಮೊನಿ, ಅಂದರೆ ಅಜ್ಜಿ. ನಮ್ಮ ಪಕ್ಕದ ಮನೆಯಲ್ಲೂ ಹಾಗೇ. ಅಲ್ಲಿ ಸಂಜೆ ಹೊತ್ತು ಹಲ್ಮೊನಿ ಮತ್ತು ಮೊಮ್ಮಗಳು ಕೂತು ಜೋಗಕ್‌ಬೊ ಹೊಲಿಯುತ್ತಾರೆ. ಬೇಸಿಗೆ ರಜೆಗೆ ಇಲ್ಲಿರುವ ನಮ್ಮ ಕನ್ನಡದ ಮನೆಗಳಿಗೂ ಊರಿನಿಂದ ಹಿರಿಯರು ಬರುವ ಹೊತ್ತು ಇದು. ಅದಕ್ಕೇ ಈ ಸಲ ಅವರಿಬ್ಬರ ಬಗ್ಗೆ ಬರೆಯುತ್ತಿದ್ದೇನೆ.

ಜೋಗಕ್‌ಬೊ ಅಂದರೆ ಚೂರು ಬಟ್ಟೆಗಳನ್ನು ಜೋಡಿಸಿ ಹೊಲಿದ ಚೌಕ. ಸಾಮಾನು ಕಟ್ಟಲು, ಉಡುಗೊರೆ ಸುತ್ತಲು, ಬಡಿಸಿಟ್ಟ ಊಟ ಮುಚ್ಚಲು ಬೇಕಾಗುತ್ತಿತ್ತು. ಜೋಸೊನ್ ರಾಜರ ಕಾಲದಲ್ಲಿ ಬಟ್ಟೆ ದುಬಾರಿ. ಕೊರಿಯಾದ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್‌ನ ತೋಳನ್ನು ದುಂಡಗೆ ಕತ್ತರಿಸಿದಾಗ ಉಳಿಯುವ ಸೊಟ್ಟ ಚೂರನ್ನೂ ಹೆಂಗಸರು ಎತ್ತಿಡುತ್ತಿದ್ದರು. ಬೇಸಿಗೆಯ ಜೋಗಕ್‌ಬೊಗೆ ಮೊಸಿ ಎಂಬ ತೆಳ್ಳನೆಯ ನಾರುಬಟ್ಟೆ. ಹಾನ್‌ಸಾನ್ ಎಂಬ ಕಡೆಯ ಮೊಸಿ ನೇಯ್ಗೆ 2011ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಮೊಸಿಯ ಜೋಗಕ್‌ಬೊಗೆ ಅಸ್ತರು ಹಾಕುವುದಿಲ್ಲ. ಅಂಚುಗಳನ್ನು ಮಡಿಚಿ, ಒಂದರೊಳಗೊಂದು ಸೇರಿಸಿ ಹೊಲಿಯುವುದರಿಂದ ಎರಡೂ ಕಡೆ ಅಚ್ಚುಕಟ್ಟು. ಬೆಳಕಿಗೆ ಹಿಡಿದರೆ ಒಂದೊಂದು ಹೊಲಿಗೆಯೂ ಗೆರೆಯಾಗಿ ಕಾಣುತ್ತದೆ. ತಪ್ಪು ಮುಚ್ಚಿಡಲು ಜಾಗವೇ ಇಲ್ಲ.

ಅಂಥ ಬಟ್ಟೆಯನ್ನು ಆ ಹಲ್ಮೊನಿ ಮಗುವಿನ ಕೈಗೆ ಕೊಡುತ್ತಾರಲ್ಲ, ಅದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಆಟಕ್ಕೆಂದು ಬೇರೆ ತುಂಡಲ್ಲ, ತಾವು ಹೊಲಿಯುತ್ತಿರುವ ಬಟ್ಟೆಯದೇ ಒಂದು ಮೂಲೆ. ಸೂಜಿಗೆ ದಾರ ಪೋಣಿಸುವುದೂ ಹುಡುಗಿಯೇ, ಅಜ್ಜಿಗೆ ಕಣ್ಣು ಮಂಜು. ಹೊಲಿಗೆ ತೀರಾ ಸೊಟ್ಟಗಾದರೆ ಬಿಚ್ಚಿಸುತ್ತಾರೆ. ಸ್ವಲ್ಪ ಸೊಟ್ಟಗಿದ್ದರೆ ಪಕ್ಕದಲ್ಲಿ ಹೊಂದುವ ಚೂರು ಹುಡುಕಿಕೊಡುತ್ತಾರೆ. ಜೋಗಕ್‌ಬೊದಲ್ಲಿ ಎಲ್ಲ ಚೂರೂ ಒಂದೇ ಅಳತೆ ಇರಬೇಕಾಗಿಲ್ಲ. ಸುಮ್ನೆ ಹೊಗಳುವುದಂತೂ ಇಲ್ಲ. ಮಾತೂ ಕಡಿಮೆಯೇ. ಆದರೆ ಹುಡುಗಿ ಒಂದು ಚೂರು ಎತ್ತಿಕೊಂಡು "ಇದು ಯಾರದು?" ಅಂತ ಕೇಳಿದರೆ ಅಮ್ಮನ ಮದುವೆಯ ಸುದ್ದಿ ಹೊರಗೆ ಬರುತ್ತದೆ.

ಹಳೆಯ ಜೋಗಕ್‌ಬೊ ಹೊಲಿದ ಹೆಂಗಸರ ಹೆಸರು ಹೆಚ್ಚಾಗಿ ಯಾರಿಗೂ ಗೊತ್ತಿಲ್ಲ. ಅವುಗಳಿಗೆ ಹೆಚ್ಚು ಬೆಲೆಯಿಲ್ಲದ ಕಾಲದಲ್ಲೇ ಹೊ ದೊಂಗ್‌ಹ್ವಾ ಎಂಬುವರು ಹುಡುಕಿ ಕೂಡಿಟ್ಟರು. 2018ರಲ್ಲಿ ತಮ್ಮ ಸಂಗ್ರಹವನ್ನು ಸೋಲ್ ನಗರಕ್ಕೆ ಕೊಟ್ಟರು, ಅದೇ ವರ್ಷ ತೀರಿಕೊಂಡರು. ಅದು ಈಗ 2021ರಲ್ಲಿ ತೆರೆದ ಸೋಲ್ ಕರಕುಶಲ ಕಲೆಯ ಮ್ಯೂಸಿಯಂನಲ್ಲಿದೆ. ಆನ್‌ಗುಕ್ ಸ್ಟೇಷನ್ ಹತ್ತಿರವೇ. ಮಕ್ಕಳ ಜೊತೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ.

ಉತ್ತರ ಕರ್ನಾಟಕದ ಅಜ್ಜಿಯಾದರೆ ಅಲ್ಲಿ ನಿಂತು ಕೌದಿಯ ಮಾತು ತೆಗೆಯದೆ ಇರಲಾರರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿ ದಪ್ಪ, ಜೋಗಕ್‌ಬೊ ತೆಳು. ಎರಡಕ್ಕೂ ಬೇಕಾದ್ದು ಮನೆಯಲ್ಲಿ ಉಳಿದ ಬಟ್ಟೆ ಮತ್ತು ಜಾಸ್ತಿ ಸಮಯ. ಇಲ್ಲಿಗೆ ಬಂದ ಅಜ್ಜಿಯ ಹತ್ತಿರ ಸಮಯ ಬೇಕಾದಷ್ಟಿದೆ, ಅಲ್ವಾ? ನಾವು ಅವರಿಗೆ ಟೀವಿ ಹಾಕಿಕೊಟ್ಟು, ಮಕ್ಕಳಿಗೆ "ಅಜ್ಜಿ ಜೊತೆ ಕನ್ನಡ ಮಾತಾಡು" ಅಂತ ಹೇಳಿ ಆಫೀಸಿಗೆ ಹೋಗುತ್ತೇವೆ. ಏನು ಮಾತಾಡಬೇಕು ಪಾಪ, ಆ ಮಗು? ಇಬ್ಬರ ಮಧ್ಯೆ ಒಂದು ಕೆಲಸ ಬೇಕು. ಅದೂ ಮಗುವಿನ ಕೈ ನಿಜಕ್ಕೂ ಬೇಕಾಗುವ ಕೆಲಸ. ಆಗ "ಇಲ್ಲಿ ಹಿಡಿ", "ಇನ್ನೊಂದು ಎಳೆ ಕೊಡು" ಎಂಬಲ್ಲಿಂದ ಕನ್ನಡ ಶುರುವಾಗುತ್ತದೆ.

ಹಾಗಾಗಿ ಈ ಸಲ ಊರಿಂದ ಹೊರಡುವ ಅಜ್ಜಿಗೆ ಹಪ್ಪಳ ಸಂಡಿಗೆ ಜೊತೆ ಹಳೆಯ ಸೀರೆಗಳನ್ನೂ ತರಲು ಹೇಳಿ. ಸೂಜಿ, ದಾರ, ಚೂರು ಬಟ್ಟೆ ಸೋಲ್‌ನ ದೊಂಗ್‌ದೆಮುನ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅಜ್ಜಿ ಮೊಮ್ಮಕ್ಕಳು ಸೇರಿ ಹೊಲಿದದ್ದರ ಫೋಟೊ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಇಬ್ಬರ ಹೆಸರಿನ ಸಮೇತ.