ಐನೂರು ಪ್ರತಿಗಳ ಋಣ

ಕಳೆದ ಮಂಗಳವಾರ ಮಂಚದ ಕೆಳಗಿನ ಕೊನೆಯ ರಟ್ಟಿನ ಪೆಟ್ಟಿಗೆ ಖಾಲಿಯಾಯಿತು. ನಾನೇ ಬರೆದು ನಾನೇ ಅಚ್ಚು ಹಾಕಿಸಿದ ಕಾದಂಬರಿಯ ಐನೂರು ಪ್ರತಿಗಳು ಹದಿನೇಳು ತಿಂಗಳಲ್ಲಿ ಮನೆ ಬಿಟ್ಟು ಹೊರಟವು. ದೊಡ್ಡ ಪ್ರಕಾಶಕರು ಈ ಸಂಖ್ಯೆ ಕೇಳಿ ನಗಬಹುದು. ಶಿರಸಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ನನಗೆ ಆ ಖಾಲಿ ಪೆಟ್ಟಿಗೆಯನ್ನು ರದ್ದಿಗೆ ಹಾಕಲು ಇನ್ನೂ ಮನಸ್ಸು ಬಂದಿಲ್ಲ.

ಮೊದಲ ನಮಸ್ಕಾರ ನಮ್ಮ ಕೇರಿಯ ಒಬ್ಬ ಅಕ್ಕನಿಗೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ನಲವತ್ತು ವರ್ಷ ಅಡಿಕೆ ಸುಲಿದ ಕೈ ಅವರದು. ಏಳನೆಯ ಅಧ್ಯಾಯದಲ್ಲಿ ನನ್ನ ನಾಯಕಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತಿರುವಾಗ ಮಗ ಊರು ಬಿಟ್ಟ ಸುದ್ದಿ ಬರುತ್ತದೆ. ಅವಳು ಅಂಗೈಯಿಂದ ಕಣ್ಣೀರು ಒರೆಸಿಕೊಳ್ಳುತ್ತಾಳೆ. ಅಷ್ಟನ್ನು ಅಕ್ಕನಿಗೆ ಓದಿ ಹೇಳಿದೆ. ‘ತಮ್ಮಾ, ಇವಳು ಒಂದು ದಿನವೂ ಅಡಿಕೆ ಸುಲಿದವಳಲ್ಲ’ ಎಂದುಬಿಟ್ಟರು. ಅಡಿಕೆಯ ಒಗರು ರಸ, ಚೊಗರು, ಹತ್ತಿದ ಕೈಯನ್ನು ಯಾರಾದರೂ ಕಣ್ಣಿಗೆ ತರುತ್ತಾರೆಯೇ? ತೋಳೆತ್ತಿ ರಟ್ಟೆಗೆ ಒರೆಸಿಕೊಳ್ಳುತ್ತಾರೆ, ಮತ್ತೆ ಕಾಯಿ ಹಿಡಿಯುತ್ತಾರೆ. ಸುಲಿದ ಡಬ್ಬಿಗಿಷ್ಟು ಎಂಬ ಲೆಕ್ಕದ ಕೂಲಿಯಲ್ಲಿ ಅಳುವುದಕ್ಕೆಲ್ಲಿ ಬಿಡುವು?

ಆ ರಾತ್ರಿ ಒಂದೂವರೆ ಪುಟದ ದುಃಖವನ್ನು ಹೊಡೆದುಹಾಕಿದೆ. ಉಳಿದದ್ದು ಒಂದೇ ಸಾಲು: ‘ರಟ್ಟೆಗೆ ಕಣ್ಣೊರೆಸಿ ಮುಂದಿನ ಕಾಯಿ ತೆಗೆದುಕೊಂಡಳು.’ ಇದುವರೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಸಾಲನ್ನೇ ನೆನೆದಿವೆ.

ಹಸ್ತಪ್ರತಿಯಿಂದ ತೊಂಬತ್ತು ಪುಟ ಕತ್ತರಿಸಿದ ಗೆಳೆಯನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದೆ. ಅವನು ಮಾಡಿದ್ದು ಸರಿ. ಅಜ್ಜನ ಕಾಶಿಯಾತ್ರೆಯೊಂದು ಉಳಿಯಬೇಕಿತ್ತು ಎಂಬ ಹಟ ಮಾತ್ರ ಈಗಲೂ ಇದೆ.

ಹಳೆಯ ಫಾಂಟ್‌ನಲ್ಲಿ ಬೆರಳಚ್ಚಾಗಿದ್ದನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತುಗಳೆಲ್ಲ ಜಾಗ ಬಿಟ್ಟವು. ‘ವರ್ಷ’ ಇದ್ದಲ್ಲೆಲ್ಲ ‘ವಷರ್’. ಕರಡು ತಿದ್ದಿಕೊಟ್ಟ ನಿವೃತ್ತ ಕನ್ನಡ ಮಾಸ್ತರರು 224 ಪುಟಗಳನ್ನು ಮೂರು ಸಲ ಓದಿದರು. ಸಂಭಾವನೆ ಎಂದಾಗ, ‘ಕೆಂಪು ಪೆನ್ನಿನ ದುಡ್ಡು ಕೊಡು, ಸಾಕು’ ಎಂದರು. ಪುಸ್ತಕ ಬಂದ ಮೇಲೆ ಇನ್ನೂ ಹನ್ನೊಂದು ತಪ್ಪು ಹುಡುಕಿ ಚೀಟಿ ಕಳಿಸಿದವರೂ ಅವರೇ.

ಇನ್ನು ದುಡ್ಡಿನ ಮಾತು. ಗುಮಾಸ್ತ ಲೆಕ್ಕ ಹೇಳದೆ ಇರಲಾರ. ಡೆಮಿ 1/8 ಆಕಾರ, ಹದಿನಾರು ಪುಟಕ್ಕೊಂದರಂತೆ ಹದಿನಾಲ್ಕು ಫಾರಂ, ಐನೂರು ಪ್ರತಿಗೆ 52,000 ರೂಪಾಯಿ. ಪ್ರತಿಗೆ 104 ಬಿತ್ತು. ಮುಖಬೆಲೆ 260. ಅಂಗಡಿಗೆ ಶೇ 40 ಬಿಟ್ಟರೆ ಕೈಗೆ 156, ಅದೂ ಬಂದರೆ. ವಿತರಕರೊಬ್ಬರು 120 ಪ್ರತಿ ಒಯ್ದು ಎಂಟು ತಿಂಗಳು ಫೋನ್ ಎತ್ತಲಿಲ್ಲ. ಕೊನೆಗೆ ಎಪ್ಪತ್ತು ಪ್ರತಿ ಮೂಲೆ ಮುದುಡಿಕೊಂಡು ವಾಪಸು ಬಂದವು, ಉಳಿದ ಐವತ್ತರ ಹಣ ಇನ್ನೂ ಬಾಕಿಯ ಪುಟದಲ್ಲಿದೆ. ಅಚ್ಚಿನ ಮನೆಗೆ ಕೊಟ್ಟ ಮುಂಗಡ ನನ್ನ ಹೆಂಡತಿ ಚೀಟಿ ಎತ್ತಿದ ದುಡ್ಡು. ಅಡುಗೆಮನೆಗೆ ಹೊಸ ಕಪಾಟು ಮಾಡಿಸಬೇಕೆಂದಿದ್ದಳು. ಇಷ್ಟು ದಿನ ಅವಳ ಡಬ್ಬಗಳು ನೆಲದ ಮೇಲೆ, ನನ್ನ ಪುಸ್ತಕಗಳು ಮಂಚದ ಕೆಳಗೆ.

ಕನ್ನಡದ ಮೊದಲ ತಲೆಮಾರಿನ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ಅಲೆದು ಮಾರಿದವರು. ನನಗೆ ಬಸ್ಸಿತ್ತು, ಮೊಬೈಲ್ ಇತ್ತು. ಆದರೂ ಪರಿಚಯದವರ ಮುಂದೆ ಮೊದಲ ಸಲ ಚೀಲದಿಂದ ಪುಸ್ತಕ ತೆಗೆದಾಗ ಗಂಟಲು ಒಣಗಿತ್ತು. ಆಗ ಬೆಲೆ ಕೇಳುವ ಮೊದಲೇ ಜೇಬಿಗೆ ಕೈ ಹಾಕಿದವರನ್ನು ಮರೆಯುವುದು ಹೇಗೆ? 2024ರ ಡಿಸೆಂಬರಿನಲ್ಲಿ, ಪುಸ್ತಕಗಳನ್ನು ಕಡಿಮೆ ದರದಲ್ಲಿ ಅಂಚೆಯಲ್ಲಿ ಕಳಿಸುವ ಬುಕ್ ಪೋಸ್ಟ್ ಸೌಲಭ್ಯ ನಿಂತ ಮೇಲೆ ‘ಅಂಚೆ ಖರ್ಚು ನಮ್ಮದು’ ಎಂದು ಹಣ ಸೇರಿಸಿ ಕಳಿಸಿದ ದೂರದೂರಿನ ಓದುಗರ ಹೆಸರುಗಳೂ ನನ್ನ ಲೆಕ್ಕದ ಪುಸ್ತಕದಲ್ಲಿವೆ.

ಕೊನೆಯ ಪ್ರತಿ ಒಯ್ದವಳು ಆ ಅಕ್ಕನ ಮೊಮ್ಮಗಳು. ಮೊದಲು ಕೊಟ್ಟಿದ್ದ ಪ್ರತಿ ಕೈಯಿಂದ ಕೈಗೆ ಹೋಗಿ ಹಿಂದಿರುಗಲಿಲ್ಲವಂತೆ. ಹಣ ಬೇಡವೆಂದೆ. ದುಡ್ಡು ಕೊಡದೆ ತಂದರೆ ಮನೆಯೊಳಗೆ ಸೇರಿಸುವುದಿಲ್ಲ ಎಂದು ಅಜ್ಜಿ ಹೇಳಿ ಕಳಿಸಿದ್ದಾರೆ ಎಂದಳು. 260 ರೂಪಾಯಿ, ಪೂರ್ತಿ. ರಿಯಾಯಿತಿ ಕೊಟ್ಟರೆ ನಾಳೆ ಕೇರಿಯಲ್ಲಿ ಬೈಸಿಕೊಳ್ಳಬೇಕು ಎಂದು ಸುಮ್ಮನೆ ತೆಗೆದುಕೊಂಡೆ.