ಹಳೆಯ ಚಿತ್ರಗಳಿಗೆ ಕತ್ತರಿ ಬೇಡ, ಫಲಕ ಬೇಕು

ಮಾನ್ಯ ಸಂಪಾದಕರೇ,

ಹಳೆಯ ಚಲನಚಿತ್ರಗಳಲ್ಲಿ ಪ್ರಾಣಿಗಳನ್ನು ಹಿಂಸಿಸಿ ತೆಗೆದ ದೃಶ್ಯಗಳನ್ನು ಕತ್ತರಿಸಿ ಹಾಕಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಆ ಕಾಲ ಹಾಗಿತ್ತು, ಈಗ ಅದನ್ನು ಕೆದಕುವುದೇಕೆ ಎನ್ನುವವರೂ ಇದ್ದಾರೆ. ಶಿರಸಿ ಸೀಮೆಯಲ್ಲಿ ಬಹುಕಾಲ ಪಶುವೈದ್ಯನಾಗಿ ದುಡಿದ ನನಗೆ ಈ ಎರಡು ಮಾತುಗಳೂ ಒಪ್ಪಿಗೆಯಾಗಿಲ್ಲ.

ಇಂದು ಚಿತ್ರೀಕರಣಕ್ಕೆ ಪ್ರಾಣಿಯನ್ನು ಬಳಸಬೇಕಾದರೆ 2001ರ ನಿಯಮಗಳ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು. ಚಿತ್ರೀಕರಣ ಮುಗಿದ ಮೇಲೆ ಅದೇ ಮಂಡಳಿಯ ನಿರಾಕ್ಷೇಪಣಾ ಪತ್ರವನ್ನೂ ಸೆನ್ಸಾರ್ ಮಂಡಳಿಗೆ ಒಪ್ಪಿಸಬೇಕು. ಸೆನ್ಸಾರ್ ಮಂಡಳಿಯ 1991ರ ಮಾರ್ಗಸೂಚಿಯಾದರೋ ಪ್ರಾಣಿಹಿಂಸೆಯನ್ನು ಅನಗತ್ಯವಾಗಿ ತೋರಿಸಬಾರದು ಎಂದಷ್ಟೇ ಹೇಳುತ್ತದೆ, ಅಂದರೆ ಅದರ ಕಣ್ಣು ಇರುವುದು ತೆರೆಯ ಮೇಲೆ ಕಾಣುವುದರ ಮೇಲೆ. ತೆರೆಯ ಹಿಂದೆ ನಡೆದದ್ದನ್ನು ಕೇಳುವ 2001ರ ನಿಯಮಗಳಿಗೆ ಅದಕ್ಕಿಂತ ಹಿಂದಿನ ಚಿತ್ರಗಳು ಸಿಗುವುದೇ ಇಲ್ಲ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರಲ್ಲೇ ಬಂದಿತ್ತು, ನಿಜ. ಆದರೆ ಮೊದಲ ಸಲದ ಹಿಂಸೆಗೆ ಅದು ವಿಧಿಸುವ ದಂಡ 50 ರೂಪಾಯಿ ಮೀರುವಂತಿಲ್ಲ. ಲಕ್ಷಗಟ್ಟಲೆ ಸುರಿದು ಯುದ್ಧದ ದೃಶ್ಯ ತೆಗೆಯುವವನಿಗೆ ಅದು ಯಾವ ಲೆಕ್ಕ?

ಇದರ ಪರಿಣಾಮ ವಿಚಿತ್ರವಾಗಿದೆ. ಈಗಿನ ಚಿತ್ರದಲ್ಲಿ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಎತ್ತು ಓಡಿದರೂ ಪರದೆಯ ಮೂಲೆಯಲ್ಲಿ ಅದು ಗ್ರಾಫಿಕ್ಸ್ ಎಂಬ ಬರಹ ಕಾಣಿಸುತ್ತದೆ. ಅದೇ ಟಿವಿಯಲ್ಲಿ ರವಿವಾರ ಮಧ್ಯಾಹ್ನ ಬರುವ ಹಳೆಯ ಐತಿಹಾಸಿಕ ಚಿತ್ರದಲ್ಲಿ ಜೀವಂತ ಕುದುರೆ ಮುಗ್ಗರಿಸಿ ಬಿದ್ದರೆ ಅದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಆ ಬೀಳುವಿಕೆಯನ್ನು ಒಮ್ಮೆ ಗಮನವಿಟ್ಟು ನೋಡಬೇಕೆಂದು ಓದುಗರನ್ನು ಕೋರುತ್ತೇನೆ. ಬೀಳಲು ಪಳಗಿಸಿದ ಕುದುರೆ ಸವಾರ ಲಗಾಮು ಎಳೆದ ಕಡೆಗೆ ಕತ್ತು ತಿರುಗಿಸಿ, ಮೆತ್ತಗೆ ಮಾಡಿಟ್ಟ ನೆಲದ ಮೇಲೆ ಪಕ್ಕೆಯ ಕಡೆಗೆ ಒರಗುತ್ತದೆ. ತಾನಾಗಿ ಎಡವಿದ ಕುದುರೆ ತಲೆಯನ್ನು ಮೇಲೆತ್ತಿ, ಒಂದು ಕಾಲನ್ನಾದರೂ ಮುಂದೆ ಊರಿ ಸಾವರಿಸಿಕೊಳ್ಳಲು ನೋಡುತ್ತದೆ. ಮುಂಗಾಲುಗಳಿಗೆ ತಂತಿ ಕಟ್ಟಿ ಕೆಡವಿದ ಕುದುರೆಯಾದರೆ ಎರಡೂ ಮುಂಗಾಲು ಒಮ್ಮೆಲೇ ಹಿಂದಕ್ಕೆ ಸೆಳೆದಂತಾಗಿ, ಮೂತಿಯೇ ಮೊದಲು ನೆಲಕ್ಕೆ ಬಡಿದು, ಹಿಂಭಾಗ ಮೇಲಿಂದ ಉರುಳಿ ಬರುತ್ತದೆ. ಅಷ್ಟು ಭಾರ ಕತ್ತಿನ ಮೇಲೆ ಬಿದ್ದರೆ ಏನಾಗಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಣಕಾಲ ಕೆಳಗಿನ ಎಲುಬು ಮುರಿದ ಕುದುರೆಯನ್ನು ಉಳಿಸುವುದು ಇಂದಿಗೂ ಬಹಳ ಕಷ್ಟ. ಹಾವಿನ ಚಿತ್ರಗಳ ಕಥೆಯೂ ಬೇರೆಯಲ್ಲ: ಹಲ್ಲು ಕಿತ್ತು ಬಾಯಿ ಹೊಲಿದ ನಾಗರಹಾವು ಹೆಡೆ ಎತ್ತುತ್ತದೆ ನಿಜ, ಆದರೆ ಏನನ್ನೂ ನುಂಗಲಾರದೆ ಕೆಲವೇ ವಾರಗಳಲ್ಲಿ ಸಾಯುತ್ತದೆ.

ಹಾಗಿದ್ದರೆ ಕತ್ತರಿಸುವುದೇ ಸರಿಯಲ್ಲವೇ ಎಂದು ಕೇಳಬಹುದು. ಬ್ರಿಟನ್ನಿನಲ್ಲಿ 1937ರ ಕಾಯ್ದೆಯೊಂದು ಚಿತ್ರೀಕರಣಕ್ಕಾಗಿ ಪ್ರಾಣಿಗೆ ಕ್ರೂರವಾಗಿ ನೋವು ಕೊಟ್ಟು ತೆಗೆದ ದೃಶ್ಯದ ಪ್ರದರ್ಶನವನ್ನೇ ನಿಷೇಧಿಸಿದೆ. ಅಲ್ಲಿ ಹಳೆಯ ಚಿತ್ರಗಳಿಂದ ತಂತಿ ಕಟ್ಟಿ ಕುದುರೆ ಕೆಡವಿದ ತುಣುಕುಗಳನ್ನು ತೆಗೆದುಹಾಕುತ್ತಾರೆ. ಆ ಕಾಯ್ದೆಯ ಕಾಳಜಿಯನ್ನು ಗೌರವಿಸಿಯೂ ನಾನು ಆ ದಾರಿಯನ್ನು ಒಪ್ಪಲಾರೆ. ತುಣುಕು ಹೋದರೆ ಆ ಕುದುರೆ ಅನುಭವಿಸಿದ್ದಕ್ಕೆ ಇದ್ದ ಒಂದೇ ಸಾಕ್ಷಿಯೂ ಹೋಗುತ್ತದೆ, ಚಿತ್ರ ಮಾಡಿದವರು ಮಾತ್ರ ನಿರ್ದೋಷಿಗಳಂತೆ ಉಳಿಯುತ್ತಾರೆ. ನಮ್ಮ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಹಿಂದೆ ಕೋಣನ ಬಲಿಯಿತ್ತು, ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಗಾಂಧೀಜಿಯವರ ಪ್ರಭಾವದಿಂದ ಅದು ನಿಂತಿತು ಎಂಬುದನ್ನು ಊರವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಸಿನಿಮಾದ ವಿಷಯದಲ್ಲಿಯೂ ಅಷ್ಟೇ ಪ್ರಾಮಾಣಿಕತೆ ಸಾಧ್ಯ.

ಚಿತ್ರ ಆರಂಭವಾಗುವ ಮೊದಲು ಒಂದು ಫಲಕ ಕಡ್ಡಾಯವಾಗಲಿ ಎಂಬುದು ನನ್ನ ಬೇಡಿಕೆ. ‘ಈ ಚಿತ್ರವು 2001ರ ನಿಯಮಗಳಿಗಿಂತ ಹಿಂದಿನದು, ಇದರಲ್ಲಿ ಪ್ರಾಣಿಗಳು ಬೀಳುವ, ಕಾದಾಡುವ ದೃಶ್ಯಗಳು ನಿಜವಾದವು, ಇಂದು ಹೀಗೆ ಚಿತ್ರೀಕರಿಸುವುದು ಅಪರಾಧ’ ಎಂದಿದ್ದರೆ ಸಾಕು. ಸಿನಿಮಾ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಿಂದ ಪ್ರಮಾಣಪತ್ರಕ್ಕಿದ್ದ ಹತ್ತು ವರ್ಷಗಳ ಅವಧಿ ರದ್ದಾಗಿರುವುದರಿಂದ, ಹಳೆಯ ಚಿತ್ರಗಳು ತಾವಾಗಿ ಮತ್ತೆ ಸೆನ್ಸಾರ್ ಮಂಡಳಿಯ ಮುಂದೆ ಬರುವುದಿಲ್ಲ. ಆದರೆ ‘ಎ’ ಪ್ರಮಾಣಪತ್ರದ ಚಿತ್ರವನ್ನು ಟಿವಿಗಾಗಿ ಬದಲಾಯಿಸಿ ತಂದಾಗ ಮಂಡಳಿ ಈ ಫಲಕವನ್ನು ಕೇಳಬಹುದು. ಒಟಿಟಿ ವೇದಿಕೆಗಳು 2021ರ ನಿಯಮಗಳಂತೆ ವಯೋಮಿತಿಯ ಜತೆಗೆ ಚಿತ್ರದಲ್ಲಿ ಏನಿದೆ ಎಂಬ ಸೂಚನೆಯನ್ನೂ ಕೊಡಲೇಬೇಕಾಗಿದ್ದು, ಅದಕ್ಕೆ ಈ ಸಾಲನ್ನು ಸೇರಿಸಲು ಹೊಸ ಕಾನೂನೇನೂ ಬೇಡ. ಸರ್ಕಾರದ ಹಣದಿಂದ ಪುನರುಜ್ಜೀವನಗೊಳ್ಳುವ ಚಿತ್ರಗಳಲ್ಲಂತೂ ಇದು ಮೊದಲು ಜಾರಿಯಾಗಬೇಕು. ಯಾವ ದೃಶ್ಯ ಹೇಗೆ ತೆಗೆದದ್ದು ಎಂದು ನಿರ್ಧರಿಸಲು ಪಶುವೈದ್ಯರ ನೆರವು ಪಡೆಯಬಹುದು. ಅಂದಿನ ಸಾಹಸ ಕಲಾವಿದರಲ್ಲಿ ಬದುಕಿರುವವರ ಹೇಳಿಕೆಗಳನ್ನು ಈಗಲೇ ದಾಖಲಿಸಿಕೊಳ್ಳುವುದು ಒಳ್ಳೆಯದು.

ಫಲಕ ಕನ್ನಡದಲ್ಲಿರಲಿ, ಓದಿ ಮುಗಿಸುವಷ್ಟು ಹೊತ್ತು ನಿಲ್ಲಲಿ, ಧೂಮಪಾನದ ಎಚ್ಚರಿಕೆಯಂತೆ ದನಿಯಲ್ಲಿಯೂ ಕೇಳಿಸಲಿ.

– ನಿವೃತ್ತ ಪಶುವೈದ್ಯ, ಶಿರಸಿ